ಅಜ್ಜಿಯ ಕಾಯಿಲೆ, ನಿನ್ನ ರಾತ್ರಿ ಪಾಳಿ

ಚಿ. ಸೌ. ಶಾಲಿನಿಗೆ ಮಾವನ ಆಶೀರ್ವಾದಗಳು.

‘ಅಜ್ಜಿಗೆ ಬಂದ ಮರೆವಿನ ಕಾಯಿಲೆಯನ್ನು ಈ ರಾತ್ರಿ ಪಾಳಿಯಿಂದ ನಾನೇ ಬರಮಾಡಿಕೊಳ್ಳುತ್ತಿದ್ದೇನೆಯೇ ಮಾವ?’ ಎಂದು ನೀನು ಪತ್ರದ ಕೊನೆಯಲ್ಲಿ ಕೇಳಿದ್ದೀಯೆ. ಆ ಮಾತನ್ನು ಓದಿದಂದಿನಿಂದ ಮನಸ್ಸು ನೆಟ್ಟಗಿಲ್ಲ. ಪಕ್ಕದಲ್ಲೇ ಕೂರುವ ಗೆಳತಿಯ ಹೆಸರು ಬೆಳಗಿನ ಜಾವ ಬಾಯಿಗೆ ಬಾರದೆ ಹೋದಾಗ ನಿನ್ನ ಎದೆ ಹೇಗೆ ಹೊಡೆದುಕೊಂಡಿರಬೇಕೆಂದು ಊಹಿಸಬಲ್ಲೆ.

ಅಮ್ಮನ, ಅಂದರೆ ನಿನ್ನ ಅಜ್ಜಿಯ, ಕೊನೆಯ ವರ್ಷಗಳನ್ನು ನಾನು ನಿನಗೆ ವಿವರಿಸಬೇಕಾಗಿಲ್ಲ. ದೀಪ ಹಚ್ಚುವ ಹೊತ್ತಾಯಿತೆಂದರೆ ಎರಡು ಸೀರೆಗಳನ್ನು ಗಂಟು ಕಟ್ಟಿಕೊಂಡು ‘ನಮ್ಮ ಮನೆಗೆ ಹೋಗುತ್ತೇನೆ’ ಎಂದು ಜಗಲಿಗೆ ಬರುತ್ತಿದ್ದರು. ನಡುರಾತ್ರಿ ಎದ್ದು, ದನಗಳೇ ಇಲ್ಲದ ಕೊಟ್ಟಿಗೆಯ ಅಗುಳಿ ತೆಗೆಯುತ್ತಿದ್ದರು. ಅವರ ಹಗಲು ರಾತ್ರಿ ಅದಲುಬದಲಾದದ್ದನ್ನು ನೀನು ಚಿಕ್ಕಂದಿನಲ್ಲಿ ಕಂಡೆ, ಈಗ ನಿನ್ನ ಹಗಲು ರಾತ್ರಿಯೂ ಅದಲುಬದಲಾಗಿದೆ, ಹಾಗಾಗಿ ಎರಡನ್ನೂ ಒಂದೇ ಎಂದು ಮನಸ್ಸು ಕೂಡಿಸಿಬಿಟ್ಟಿದೆ. ಆದರೆ ಅಮ್ಮ ಜೀವಮಾನವಿಡೀ ಕೋಳಿ ಕೂಗುವ ಮೊದಲೇ ಎದ್ದು, ಕತ್ತಲಾದೊಡನೆ ಮಲಗಿದವರು. ಕಾಯಿಲೆ ಬಂದ ಮೇಲೆ ಅವರ ರಾತ್ರಿಗಳು ಕೆಟ್ಟವೆಂದೇ ನಾನು ನಂಬಿದ್ದೇನೆ.

ಹೀಗೆ ನಂಬಲು ಕಾರಣವಿದೆ. ಮಿದುಳಿನ ಬುಡದಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದ್ದು, ಇಡೀ ದೇಹದ ಗಡಿಯಾರ ನಡೆಯುವುದು ಅದರ ಅಂಕೆಯಲ್ಲಿ. ಕಣ್ಣಿನಿಂದ ಬರುವ ನರಗಳು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಸುರಿಸಿ ಅದಕ್ಕೆ ಬೆಳಗಾದ ಸುದ್ದಿ ಮುಟ್ಟಿಸುತ್ತವೆ, ಆ ಕೋಶಗಳು ತಮ್ಮತಮ್ಮಲ್ಲೇ ಸಂಕೇತಗಳನ್ನು ವಿನಿಮಯ ಮಾಡಿಕೊಳ್ಳುತ್ತ ಒಟ್ಟಿಗೆ ಹೆಜ್ಜೆ ಹಾಕುತ್ತವೆ. ಅಮ್ಮನಿಗಿದ್ದ ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಬಂದವರಲ್ಲಿ ಈ ಕೋಶಗಳೇ ಸವೆಯುತ್ತವೆ. ಅದರ ಮೇಲೆ ಅಮ್ಮನ ಕಣ್ಣಿಗೆ ಪೊರೆ ಬೇರೆ ಬಂದಿತ್ತು. ಅವರನ್ನು ನಾವು ನಡುಮನೆಯ ಪಕ್ಕದ ಕತ್ತಲ ಕೋಣೆಯಲ್ಲಿ, ನೆಮ್ಮದಿಯಾಗಿರಲಿ ಎಂದೇ ಮಲಗಿಸಿದ್ದೆವು. ನೆದರ್ಲೆಂಡ್ಸ್‌ನ 12 ವೃದ್ಧಾಶ್ರಮಗಳಲ್ಲಿ ಹಗಲು ಹೊತ್ತು ಪ್ರಖರವಾದ ದೀಪಗಳನ್ನು ಉರಿಸಿ ನೋಡಿದಾಗ ಅಲ್ಲಿನವರ ಬುದ್ಧಿಶಕ್ತಿ ಕುಂದುವುದು ತುಸು ನಿಧಾನವಾಯಿತೆಂದು 2008ರಲ್ಲಿ ಪ್ರಕಟವಾಗಿದೆ. ಅದನ್ನು ನಾನು ಓದುವ ಹೊತ್ತಿಗೆ ಅಮ್ಮ ಇರಲಿಲ್ಲ. ಜಗಲಿಯ ಬಿಸಿಲಿನಲ್ಲಿ ಅವರನ್ನು ಕೂರಿಸಬಹುದಿತ್ತಲ್ಲ ಎಂಬ ಕೊರಗು ಇಂದಿಗೂ ಹೋಗಿಲ್ಲ.

ನಿನ್ನ ಭಯಕ್ಕೆ ಆಧಾರವೇ ಇಲ್ಲವೆಂದು ಹೇಳಿ ನಿನ್ನನ್ನು ಸಮಾಧಾನಪಡಿಸಲಾರೆ. ನರಕೋಶಗಳು ಎಚ್ಚರದಲ್ಲಿ ದುಡಿಯುವಾಗ ಅಲ್ಝೈಮರ್ ಬಂದವರ ಮಿದುಳಿನಲ್ಲಿ ಗಂಟುಗಟ್ಟುವ ಅಮಿಲಾಯ್ಡ್ ಎಂಬ ಪ್ರೋಟೀನು ಹೆಚ್ಚಾಗಿ ಹೊರಬೀಳುತ್ತದೆ, ನಿದ್ದೆಯಲ್ಲಿ ಇಳಿಯುತ್ತದೆ. 2018ರಲ್ಲಿ ಅಮೆರಿಕದಲ್ಲಿ 20 ಆರೋಗ್ಯವಂತರನ್ನು ಒಂದು ರಾತ್ರಿ ಎಚ್ಚರವಿರಿಸಿ ನೋಡಿದಾಗಲೂ ಅದರ ಏರಿಕೆ ಕಂಡುಬಂತು. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ದೀರ್ಘ ಅಧ್ಯಯನದಲ್ಲಿ, 50ರಿಂದ 70ರ ವಯಸ್ಸಿನವರೆಗೂ ಸತತವಾಗಿ ಕಡಿಮೆ ನಿದ್ದೆ ಮಾಡಿದವರಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಬರುವ ಅಪಾಯ ಶೇ. 30ರಷ್ಟು ಹೆಚ್ಚೆಂದು ತಿಳಿಯಿತು. ಈ ಅಂಕಿಯನ್ನು ನೋಡಿ ನೀನು ಬೆಚ್ಚಿರಬೇಕು. ಆದರೆ ಅಲ್ಲಿ ಸುಮಾರು 8,000 ಜನರ ಪೈಕಿ ಡಿಮೆನ್ಶಿಯಾ ಬಂದದ್ದು 521 ಮಂದಿಗೆ. ಕಡಿಮೆ ನಿದ್ದೆ ಮಾಡಿದವರಲ್ಲೂ ಬಹುಪಾಲು ಜನರಿಗೆ ಅದು ಬರಲಿಲ್ಲ. ನಿನಗಿನ್ನೂ 31, ಮಗೂ.

ಹೆಸರು ಮರೆತದ್ದಕ್ಕೆ ಬೇರೆಯದೇ ಕಾರಣವಿದೆ. ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೋಸಿನ್ ಸೇರುತ್ತ ಹೋಗಿ ನರಗಳ ಚುರುಕನ್ನು ತಗ್ಗಿಸುತ್ತದೆ. ಕಾಫಿ ಅದರ ಬಾಗಿಲನ್ನು ಒಂದಿಷ್ಟು ಹೊತ್ತು ಅಡ್ಡಗಟ್ಟುತ್ತದೆ, ಅಷ್ಟೇ. ಚೆನ್ನಾಗಿ ನಿದ್ದೆ ಮಾಡಿ ಎದ್ದಾಗ ಆ ಹೆಸರು ತಾನಾಗಿ ಬಂತೆಂದು ನೀನೇ ಬರೆದಿದ್ದೀಯೆ. ಅಮ್ಮನಿಗೆ ಯಾವ ನಿದ್ದೆಯ ನಂತರವೂ ನನ್ನ ಹೆಸರು ಮರಳಿ ಬರಲಿಲ್ಲ.

ವಾರಾಹಿಯ ಭೂಗರ್ಭ ವಿದ್ಯುದಾಗಾರದಲ್ಲಿ ನಾನೂ ಪಾಳಿ ಮಾಡಿದವನು. ಒಳಗೆ ಸದಾ ದೀಪದ ಬೆಳಕು, ಯಂತ್ರಗಳ ಮೊರೆತ. ಸುರಂಗದಿಂದ ಹೊರಗೆ ಬಂದರೆ ಮಾತ್ರ ಬೆಳಗಾಯಿತೋ ಇಲ್ಲವೋ ತಿಳಿಯುತ್ತಿತ್ತು. ಮನೆಯಲ್ಲಿ ಮಕ್ಕಳು ಪಿಸುಗುಟ್ಟುತ್ತಲೇ ಬೆಳೆದರು, ಅಪ್ಪ ಮಲಗಿದ್ದಾರೆ ಎಂದು. ಆ ಹಗಲುಗಳು ಮರಳಿ ಸಿಗುವುದಿಲ್ಲವಲ್ಲ ಎಂಬುದೇ ನನ್ನ ನಿಜವಾದ ದುಃಖ. ನನ್ನ ನೆನಪು ಇಂದಿಗೂ ಗಟ್ಟಿಯಾಗಿದೆ, ಆದರೆ ಒಬ್ಬನ ಉದಾಹರಣೆಯಿಂದ ಏನನ್ನೂ ಸಾಧಿಸಿದಂತಾಗದು, ಅದನ್ನು ನೆಚ್ಚಿಕೊಳ್ಳಬೇಡ.

ಉಪದೇಶ ಮಾಡಲು ನಾನು ವೈದ್ಯನಲ್ಲ. ವಾರಕ್ಕೊಮ್ಮೆ ಪಾಳಿ ಬದಲಾಗುವುದು ದೇಹಕ್ಕೆ ಬಲು ಕಷ್ಟ, ಸಾಧ್ಯವಿದ್ದರೆ ಒಂದೇ ಪಾಳಿಯನ್ನು ಕೇಳಿಕೋ. ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಸು. ಪಾಳಿಯ ಕೊನೆಯ ಗಂಟೆಗಳಲ್ಲಿ ಕಾಫಿ ಬೇಡವೆಂದರೆ ನಿನಗೆ ಸಿಟ್ಟು ಬಂದೀತು, ಆದರೂ ಹೇಳಿದ್ದೇನೆ. ನಿನ್ನ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿದ್ದೀಯೋ ತಿಳಿಯದು. ಮರೆವಿನ ಕಾಯಿಲೆಯನ್ನು ತಡೆಯಲು ಸರಿಪಡಿಸಿಕೊಳ್ಳಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದಾಗ ಅವೆರಡೂ ಅದರಲ್ಲಿದ್ದವು, ರಾತ್ರಿ ಪಾಳಿ ಇರಲಿಲ್ಲ. ಭಯವಾದಾಗ ಇದೊಂದನ್ನು ನೆನೆಸಿಕೋ.

ಪಾಳಿ ಬದಲಿಸುವ ವಿಷಯವಾಗಿ ಮೇಲಿನವರನ್ನು ಕೇಳಿದೆಯೋ ಇಲ್ಲವೋ ತಿಳಿಸು. ಹೆಸರು ಮರೆಯುವುದು ರಜೆಯ ದಿನಗಳಲ್ಲೂ ನಡೆದರೆ ಮುಚ್ಚಿಡದೆ ಬರೆ, ಬೆಂಗಳೂರಿಗೆ ಬಂದು ನಾನೇ ನಿನ್ನೊಡನೆ ವೈದ್ಯರ ಬಳಿಗೆ ಬರುತ್ತೇನೆ.

ಇತಿ,
ನಿನ್ನ ಮಾವ