ಮನೆಗೆ ಬರುವ ಕ್ಯಾನ್ಸರ್ ಮಾತ್ರೆಯ ಜೊತೆಗೆ ಒಂದು ಹಾಳೆಯೂ ಬರಲಿ

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ಚಿಕಿತ್ಸೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳು ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ರಕ್ತನಾಳದ ಮೂಲಕ ಕೊಡುವ ಕೀಮೋಥೆರಪಿಗಳನ್ನು ಸಾಕಷ್ಟು ವಿವರವಾಗಿ ತಿಳಿಸುತ್ತವೆ. ರೋಗಿಯು ಮನೆಯಲ್ಲಿ ಕುಳಿತು ತಾನೇ ನುಂಗುವ ಕ್ಯಾನ್ಸರ್ ಮಾತ್ರೆಗಳ ಬಗ್ಗೆ ಮಾತ್ರ ಅಂಥ ವಿವರ ಅಪರೂಪ. ಕ್ಯಾನ್ಸರ್ ಔಷಧಗಳನ್ನು ವಿತರಿಸುವ ಕೌಂಟರಿನಲ್ಲಿ ಬಹುಕಾಲ ಕೆಲಸ ಮಾಡಿದ ಫಾರ್ಮಸಿಸ್ಟ್ ಆಗಿ ಈ ಕೊರತೆಯ ಫಲವನ್ನು ನೋಡುತ್ತ ಬಂದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಇಂಥ ಮಾತ್ರೆಗಳು ಹೊಸವೇನಲ್ಲ. ರಕ್ತಕ್ಯಾನ್ಸರ್‌ಗೆ ಕೊಡುವ ಮರ್ಕ್ಯಾಪ್ಟೊಪ್ಯೂರಿನ್‌ಗೆ ಅಮೆರಿಕದಲ್ಲಿ ಅನುಮೋದನೆ ಸಿಕ್ಕಿದ್ದು 1953ರಲ್ಲಿ. ಆದರೆ 1998ರಲ್ಲಿ ಸ್ತನ ಮತ್ತು ಕರುಳಿನ ಕ್ಯಾನ್ಸರ್‌ಗಳಿಗೆ ಬಳಸುವ ಕ್ಯಾಪೆಸಿಟಬಿನ್, 2001ರಲ್ಲಿ ರಕ್ತಕ್ಯಾನ್ಸರ್‌ಗೆ ಬಳಸುವ ಇಮ್ಯಾಟಿನಿಬ್ ಬಂದ ಮೇಲೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮನೆಯಲ್ಲಿಯೇ ಚಿಕಿತ್ಸೆ ಪಡೆಯುವ ವಯಸ್ಕ ರೋಗಿಗಳ ಸಂಖ್ಯೆ ಏರುತ್ತಲೇ ಇದೆ.

ವಾರ್ಡಿನಲ್ಲಿ ಡ್ರಿಪ್ ಹಾಕುವ ಮುನ್ನ ರೋಗಿಯ ತೂಕ, ಅಂದಿನ ರಕ್ತ ಪರೀಕ್ಷೆಯ ವರದಿ, ಔಷಧದ ಪ್ರಮಾಣ ಎಲ್ಲವನ್ನೂ ಒಬ್ಬರಿಗಿಂತ ಹೆಚ್ಚು ಮಂದಿ ನೋಡುತ್ತಾರೆ. ಅದೇ ಔಷಧ ಮಾತ್ರೆಯ ರೂಪದಲ್ಲಿ ಮನೆಗೆ ಹೋದಾಗ ಈ ಕಾವಲೆಲ್ಲ ರೋಗಿಯ, ಇಲ್ಲವೇ ಆತನ ಮಗಳ ಅಥವಾ ಹೆಂಡತಿಯ ಹೆಗಲಿಗೆ ಬೀಳುತ್ತದೆ. ಅದಕ್ಕೆ ಅವರಿಗೆ ಸಿಗುವ ತರಬೇತಿ ಎಂದರೆ, ರೋಗದ ಸುದ್ದಿ ಕೇಳಿ ಮನಸ್ಸು ಕಂಗೆಟ್ಟ ದಿನದಂದು, ಹಿಂದೆ ಸರದಿ ಬೆಳೆಯುತ್ತಿರುವಾಗ, ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ ನಾಲ್ಕು ಸೂಚನೆಗಳು. ನನ್ನ ಮನವಿ ಒಂದೇ: ಬಾಯಿಯ ಮೂಲಕ ಸೇವಿಸುವ ಯಾವುದೇ ಕ್ಯಾನ್ಸರ್ ಔಷಧವನ್ನು ಕೊಡುವಾಗ, ಆ ಔಷಧಕ್ಕಾಗಿಯೇ, ಆ ರೋಗಿಗಾಗಿಯೇ, ಆತ ಓದಬಲ್ಲ ಭಾಷೆಯಲ್ಲಿ ಬರೆದ ಒಂದು ಹಾಳೆಯನ್ನು ಕೊಡದೆ ಕಳುಹಿಸಬಾರದು. ಇದೇಕೆ ಅಗತ್ಯ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ.

ಮೊದಲು ಪ್ರಮಾಣದ ಮಾತು. ಕ್ಯಾಪೆಸಿಟಬಿನ್ 500 ಮತ್ತು 150 ಮಿಲಿಗ್ರಾಂಗಳ ಎರಡು ಅಳತೆಯಲ್ಲಿ ಬರುತ್ತದೆ. ರೋಗಿಯ ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕಿದಾಗ ಒಂದು ಹೊತ್ತಿಗೆ 1800 ಮಿಲಿಗ್ರಾಂ ಬೇಕಾದರೆ, 500ರ ಮೂರು ಮತ್ತು 150ರ ಎರಡು ಮಾತ್ರೆಗಳನ್ನು ಕೂಡಿಸಿ ನುಂಗಬೇಕು. ಸಂಜೆ ಮತ್ತೆ ಅಷ್ಟೇ. ಚೀಟಿಯಲ್ಲಿ ಒಟ್ಟು ಮೊತ್ತವನ್ನಷ್ಟೇ ಬರೆದಿದ್ದರೆ, ಎರಡೂ ಸ್ಟ್ರಿಪ್‌ಗಳನ್ನು ಮೇಜಿನ ಮೇಲಿಟ್ಟುಕೊಂಡ ವಯಸ್ಸಾದ ವ್ಯಕ್ತಿ ಯಾವುದರಿಂದ ಎಷ್ಟು ಮಾತ್ರೆ ತೆಗೆಯಬೇಕೆಂದು ತಿಳಿಯದೆ ತಡಬಡಾಯಿಸುತ್ತಾನೆ. ಎರಡು ಸ್ಟ್ರಿಪ್‌ಗಳು ಅದಲುಬದಲಾದರೆ 500ರ ಎರಡು, 150ರ ಮೂರು ಸೇರಿ 1450 ಮಿಲಿಗ್ರಾಂ ಮಾತ್ರ ಹೊಟ್ಟೆ ಸೇರುತ್ತದೆ, ಹಾಗೂ ಅದು ಯಾರ ಗಮನಕ್ಕೂ ಬರುವುದಿಲ್ಲ. ಬಣ್ಣ, ಗಾತ್ರ ಮತ್ತು ಎಣಿಕೆಯನ್ನು ಬೆಳಿಗ್ಗೆ, ಸಂಜೆ ಎಂದು ಬೇರೆಬೇರೆಯಾಗಿ ಬರೆದುಕೊಟ್ಟರೆ ಈ ಗೊಂದಲ ತಾನಾಗಿ ತೀರುತ್ತದೆ.

ಪ್ರಮಾಣಕ್ಕಿಂತಲೂ ಹೆಚ್ಚು ಅಪಾಯಕಾರಿಯಾದದ್ದು ವೇಳಾಪಟ್ಟಿಯ ತಪ್ಪು. ರಕ್ತದೊತ್ತಡದ ಮಾತ್ರೆ ನುಂಗಿ ಅಭ್ಯಾಸವಾದವರಿಗೆ ಔಷಧವೆಂದರೆ ದಿನವೂ ತಪ್ಪದೆ ತೆಗೆದುಕೊಳ್ಳುವುದು. ಕ್ಯಾನ್ಸರ್ ಮಾತ್ರೆಗಳಲ್ಲಿ ಹಲವು ಹಾಗಲ್ಲ. ಕ್ಯಾಪೆಸಿಟಬಿನ್ ಅನ್ನು ಸಾಮಾನ್ಯವಾಗಿ 14 ದಿನ ಸೇವಿಸಿ 7 ದಿನ ಬಿಡಬೇಕು. ಸ್ತನ ಕ್ಯಾನ್ಸರ್‌ಗೆ ಕೊಡುವ ಪಾಲ್ಬೊಸಿಕ್ಲಿಬ್ ಅನ್ನು 21 ದಿನ ಸೇವಿಸಿ 7 ದಿನ ಬಿಡಬೇಕು. ಬಿಡುವಿನ ವಾರದಲ್ಲಿ ರಕ್ತಕಣಗಳು ಮತ್ತು ಕರುಳಿನ ಒಳಪದರ ಚೇತರಿಸಿಕೊಳ್ಳುತ್ತವೆ, ಆದ್ದರಿಂದ ಆ ವಾರವೂ ಚಿಕಿತ್ಸೆಯ ಭಾಗವೇ. ಇದನ್ನು ಅರಿಯದ ಮನೆಯವರು, ಔಷಧ ಮುಗಿಯಿತೆಂದು ಗಾಬರಿಗೊಂಡು, ರಕ್ತ ಪರೀಕ್ಷೆಗೂ ಕಾಯದೆ ಮುಂದಿನ ಸುತ್ತಿನ ಮಾತ್ರೆ ಕೇಳಿಕೊಂಡು ಬರುವುದನ್ನು ಕಂಡಿದ್ದೇನೆ. ಕೆಲವು ರಕ್ತಕ್ಯಾನ್ಸರ್‌ಗಳಲ್ಲಿ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಂದು ದಿನ ಮಾತ್ರ ಕೊಡುತ್ತಾರೆ. ಅದನ್ನು ದಿನವೂ ನುಂಗಿ ಪ್ರಾಣ ಕಳೆದುಕೊಂಡವರ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಮಿದುಳಿನ ಗೆಡ್ಡೆಗಳಿಗೆ ಬಳಸುವ ಲೋಮಸ್ಟಿನ್ ಆರು ವಾರಕ್ಕೊಮ್ಮೆ ಒಂದೇ ಸಲ ಸೇವಿಸುವ ಔಷಧ. ಅದು ರಕ್ತಕಣಗಳನ್ನು ಕುಗ್ಗಿಸುವುದು ನಾಲ್ಕರಿಂದ ಆರು ವಾರಗಳ ನಂತರ, ಆದ್ದರಿಂದ ಹೆಚ್ಚಾಗಿ ನುಂಗಿದವರಿಗೆ ಮೊದಲ ದಿನಗಳಲ್ಲಿ ಅಪಾಯದ ಸುಳಿವು ಸಿಗದಿರಬಹುದು. ಇಂಥ ಔಷಧಗಳ ಹಾಳೆಯಲ್ಲಿ ‘ವಾರಕ್ಕೊಮ್ಮೆ’ ಎಂದು ಬರೆದರೆ ಸಾಲದು, ವಾರದ ಯಾವ ದಿನ ಎಂಬುದನ್ನೂ ತಾರೀಖನ್ನೂ ಬರೆಯಬೇಕು. ಒಂದು ಬಾರಿಗೆ ಒಂದು ಸುತ್ತಿಗೆ ಬೇಕಾದಷ್ಟನ್ನೇ ಕೊಡುವುದು ಇನ್ನೂ ಒಳ್ಳೆಯದು.

ಊಟಕ್ಕೆ ಮುಂಚೆಯೋ ಆಮೇಲೋ ಎಂಬ ಪ್ರಶ್ನೆಯನ್ನು ಹಲವರು ಚಿಕ್ಕದೆಂದು ಭಾವಿಸುತ್ತಾರೆ. ಕ್ಯಾಪೆಸಿಟಬಿನ್ ಅನ್ನು ಊಟವಾದ ಅರ್ಧ ಗಂಟೆಯೊಳಗೆ ನೀರಿನೊಂದಿಗೆ ನುಂಗಬೇಕು. ಇಮ್ಯಾಟಿನಿಬ್ ಅನ್ನು ಊಟದೊಂದಿಗೆ, ದೊಡ್ಡ ಲೋಟ ನೀರಿನ ಜೊತೆ ತೆಗೆದುಕೊಂಡರೆ ಹೊಟ್ಟೆ ತೊಳೆಸುವುದು ಕಡಿಮೆ. ಅದೇ ಗುಂಪಿಗೆ ಸೇರಿದ ನಿಲೋಟಿನಿಬ್ ಕ್ಯಾಪ್ಸೂಲ್‌ಗೆ ಮಾತ್ರ ನಿಯಮ ತಿರುಗುಮುರುಗು: ಅದನ್ನು ಸೇವಿಸುವ ಎರಡು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಏನನ್ನೂ ತಿನ್ನಬಾರದು, ಏಕೆಂದರೆ ಆಹಾರದೊಂದಿಗೆ ಅದು ರಕ್ತಕ್ಕೆ ಹೆಚ್ಚು ಸೇರಿ ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲದು. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಕೊಡುವ ಅಬಿರಾಟೆರೋನ್ ಕೂಡ ಖಾಲಿ ಹೊಟ್ಟೆಯ ಔಷಧ. ಕೊಬ್ಬಿರುವ ಊಟದೊಂದಿಗೆ ನುಂಗಿದರೆ ರಕ್ತದಲ್ಲಿ ಅದರ ಮಟ್ಟ ಅನೇಕ ಪಟ್ಟು ಏರುತ್ತದೆ. ಒಬ್ಬ ರೋಗಿಯ ಅನುಭವ ಇನ್ನೊಬ್ಬರಿಗೆ ದಾರಿಯಾಗಲಾರದು ಎಂಬುದು ಇದರಿಂದ ಸ್ಪಷ್ಟ. ಕಾಯುವ ಕೋಣೆಯಲ್ಲಿ ಪಕ್ಕದವರು ಒಳ್ಳೆಯ ಮನಸ್ಸಿನಿಂದ ಕೊಡುವ ಸಲಹೆಗಳಲ್ಲಿ ಬಹುಪಾಲು ಬೇರೆ ಯಾವುದೋ ಮಾತ್ರೆಗೆ ಹೊಂದುವಂಥವು.

ಬೇರೆ ಔಷಧಗಳೊಂದಿಗಿನ ಘರ್ಷಣೆ ಇನ್ನೂ ಜಟಿಲವಾದ ವಿಷಯ. ರಕ್ತ ತೆಳುವಾಗಿಸುವ ವಾರ್ಫರಿನ್ ಸೇವಿಸುವವರು ಕ್ಯಾಪೆಸಿಟಬಿನ್ ಆರಂಭಿಸಿದರೆ ರಕ್ತಸ್ರಾವದ ಅಪಾಯ ಗಂಭೀರವಾಗಿ ಹೆಚ್ಚುತ್ತದೆ. ಯೂರಿಕ್ ಆಮ್ಲಕ್ಕೆಂದು ಅಲೊಪ್ಯುರಿನಾಲ್ ತೆಗೆದುಕೊಳ್ಳುವವರಿಗೆ ಮರ್ಕ್ಯಾಪ್ಟೊಪ್ಯೂರಿನ್ ಪ್ರಮಾಣವನ್ನು ಮೂರನೆಯ ಅಥವಾ ನಾಲ್ಕನೆಯ ಒಂದು ಭಾಗಕ್ಕೆ ಇಳಿಸಬೇಕಾಗುತ್ತದೆ. ಎದೆಯುರಿಗೆ ನುಂಗುವ ಒಮೆಪ್ರಜೋಲ್‌ನಂಥ ಮಾತ್ರೆಯನ್ನು ಔಷಧವೆಂದೇ ಲೆಕ್ಕಕ್ಕೆ ಹಿಡಿಯದವರು ಬಹಳ. ಆದರೆ ಡ್ಯಾಸಾಟಿನಿಬ್, ಎರ್ಲೋಟಿನಿಬ್ ಎಂಬ ಕ್ಯಾನ್ಸರ್ ಮಾತ್ರೆಗಳು ಕರಗಲು ಜಠರದ ಆಮ್ಲವೇ ಬೇಕು, ಆಮ್ಲ ಕುಗ್ಗಿದರೆ ಔಷಧದ ಒಂದು ಪಾಲು ದೇಹಕ್ಕೆ ದಕ್ಕುವುದೇ ಇಲ್ಲ. ಗ್ರೇಪ್‌ಫ್ರೂಟ್ (ದ್ರಾಕ್ಷಿಯಲ್ಲ, ಚಕ್ಕೋತದಂಥ ಹಣ್ಣು) ರಸ ಹಲವು ಔಷಧಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ, ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಇಳಿಸುತ್ತದೆ. ಆದ್ದರಿಂದ ‘ಬೇರೆ ಔಷಧ ಏನಾದರೂ ಇದೆಯೇ’ ಎಂದು ಕೇಳುವುದಕ್ಕಿಂತ, ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಪುಡಿ, ಕಷಾಯ, ವಿಟಮಿನ್ ಡಬ್ಬಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ ಎಂದು ಹೇಳುವುದೇ ಮೇಲು. ಚೀಲದಿಂದ ಹೊರಬರುವುದು ಬಾಯಿಮಾತಿನ ಪಟ್ಟಿಗಿಂತ ಯಾವಾಗಲೂ ಹೆಚ್ಚು. ಇದಲ್ಲದೆ, ದೇಹದಲ್ಲಿ ಈ ಔಷಧವನ್ನು ಒಡೆದು ನಿಷ್ಕ್ರಿಯಗೊಳಿಸುವ ಡಿಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುವ ಕೆಲವರಿಗೆ ಕ್ಯಾಪೆಸಿಟಬಿನ್‌ನ ಸಾಮಾನ್ಯ ಪ್ರಮಾಣವೂ ಜೀವಕ್ಕೆ ಎರವಾಗಬಲ್ಲದು. ಇದಕ್ಕೆ ಪರೀಕ್ಷೆ ಇದೆ, ಆರಂಭಕ್ಕೆ ಮೊದಲೇ ವೈದ್ಯರನ್ನು ಕೇಳುವ ಹಕ್ಕು ರೋಗಿಗಿದೆ.

ಒಂದು ಹೊತ್ತು ತಪ್ಪಿಹೋದರೆ ಏನು ಮಾಡಬೇಕು? ಮುಂದಿನ ಹೊತ್ತಿಗೆ ಎರಡರಷ್ಟು ನುಂಗಬಾರದು. ನುಂಗಿದ ಮೇಲೆ ವಾಂತಿಯಾದರೆ ತಮ್ಮಷ್ಟಕ್ಕೆ ಮತ್ತೊಂದು ಮಾತ್ರೆ ತೆಗೆದುಕೊಳ್ಳಬಾರದು. ತಡವಾಗಿ ನೆನಪಾದಾಗ ಎಷ್ಟು ಗಂಟೆಯೊಳಗೆ ಸೇವಿಸಬಹುದೆಂಬುದು ಔಷಧದಿಂದ ಔಷಧಕ್ಕೆ ಬೇರೆಯಾಗುವುದರಿಂದ ಅದೂ ಹಾಳೆಯಲ್ಲಿರಬೇಕು.

ತಪ್ಪಿಸುವುದರ ಪರಿಣಾಮವನ್ನು ಕೆಲವರು ಹಗುರವಾಗಿ ಎಣಿಸುತ್ತಾರೆ. ಇಮ್ಯಾಟಿನಿಬ್ ಸೇವಿಸುತ್ತಿದ್ದ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೀಮಿಯಾ ಎಂಬ ರಕ್ತಕ್ಯಾನ್ಸರ್‌ನ 87 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾತ್ರೆಯ ಸೀಸೆಯ ಮುಚ್ಚಳ ತೆರೆದಾಗಲೆಲ್ಲ ದಾಖಲಿಸುವ ಸಾಧನವನ್ನು ಅಳವಡಿಸಿದ್ದರು. ಶೇಕಡ 90ಕ್ಕಿಂತ ಹೆಚ್ಚು ಮಾತ್ರೆಗಳನ್ನು ಸರಿಯಾಗಿ ಸೇವಿಸಿದವರಲ್ಲಿ ಆರು ವರ್ಷಗಳಲ್ಲಿ ಉತ್ತಮ ಮಟ್ಟದ ಫಲ ಕಾಣುವ ಸಾಧ್ಯತೆ ಶೇಕಡ 94.5 ಇದ್ದರೆ, ಅದಕ್ಕಿಂತ ಕಡಿಮೆ ಸೇವಿಸಿದವರಲ್ಲಿ ಅದು ಶೇಕಡ 28.4 ಮಾತ್ರ. ಅಂದರೆ ತಿಂಗಳಿಗೆ ಮೂರು ನಾಲ್ಕು ದಿನ ಬಿಡುವುದೂ ಭಾರಿ ನಷ್ಟಕ್ಕೆ ಕಾರಣವಾಗಬಹುದು. ಆದರೆ ಬಿಟ್ಟವರನ್ನು ಗದರಿಸುವ ವೈದ್ಯರ ಬಗ್ಗೆ ನನಗೆ ಒಪ್ಪಿಗೆಯಿಲ್ಲ. ಬೇಧಿ, ಆಯಾಸ, ಬಾಯಿಹುಣ್ಣುಗಳನ್ನು ಹೇಳಿಕೊಳ್ಳಲು ಹಿಂಜರಿದು ಗುಟ್ಟಾಗಿ ಮಾತ್ರೆ ಬಿಡುವವರೇ ಹೆಚ್ಚು, ಅವರಿಗೆ ಬೇಕಾಗಿರುವುದು ತೊಂದರೆಗೆ ಪರಿಹಾರ.

ಯಾವ ತೊಂದರೆಗೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಎಂಬುದು ಮನೆಯವರನ್ನು ಅತಿ ಹೆಚ್ಚು ಕಾಡುವ ಪ್ರಶ್ನೆ. ರಕ್ತಕಣಗಳನ್ನು ಕುಗ್ಗಿಸುವ ಔಷಧ ಸೇವಿಸುವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ರಾತ್ರಿಯಾದರೂ ಸರಿ, ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ತಿಳಿಸಬೇಕು. ಬಿಳಿರಕ್ತಕಣ ಕಡಿಮೆಯಿದ್ದಾಗ ಸೋಂಕು ಕೆಲವೇ ಗಂಟೆಗಳಲ್ಲಿ ಬಿಗಡಾಯಿಸಬಲ್ಲದು. ಮೈ ಬೆಚ್ಚಗಾದೊಡನೆ ಪ್ಯಾರಾಸಿಟಮಾಲ್ ನುಂಗುವ ಅಭ್ಯಾಸ ಇಲ್ಲಿ ಅಪಾಯ, ಏಕೆಂದರೆ ಅದು ಜ್ವರವನ್ನು ಮರೆಮಾಚುತ್ತದೆ. ಮೊದಲು ಥರ್ಮಾಮೀಟರ್, ಆಮೇಲೆ ಫೋನ್. ನಿಲ್ಲದ ಬೇಧಿ, ನೀರೂ ನಿಲ್ಲದಂಥ ವಾಂತಿ, ಉಸಿರಾಟದ ಕಷ್ಟ, ಎದೆನೋವು, ಒಂದೇ ಕಾಲಿನ ಬಾವು, ಎಲ್ಲಿಂದಲಾದರೂ ರಕ್ತ ಬರುವುದು, ಇವೂ ಅದೇ ಸಾಲಿಗೆ ಸೇರುತ್ತವೆ. ಕ್ಯಾಪೆಸಿಟಬಿನ್ ಸೇವಿಸುವವರ ಅಂಗೈ ಅಂಗಾಲು ಕೆಂಪಾಗಿ ಉರಿಯತೊಡಗಿದಾಗಲೇ ಹೇಳಿದರೆ ವೈದ್ಯರು ಔಷಧವನ್ನು ಸ್ವಲ್ಪ ದಿನ ನಿಲ್ಲಿಸಿ ಅಥವಾ ಪ್ರಮಾಣ ತಗ್ಗಿಸಿ ಮುಂದುವರಿಸಬಹುದು; ಚರ್ಮ ಸುಲಿದು ನಡೆಯಲಾಗದ ಸ್ಥಿತಿಗೆ ಬಂದ ಮೇಲೆ ಹೇಳುವುದರಿಂದ ಚಿಕಿತ್ಸೆಯೂ ತಡವಾಗುತ್ತದೆ.

ಮನೆಯ ಇತರರ ಸುರಕ್ಷತೆಯನ್ನೂ ಮರೆಯಬಾರದು. ಈ ಔಷಧಗಳಲ್ಲಿ ಹಲವು ಆರೋಗ್ಯವಂತರ ಜೀವಕೋಶಗಳಿಗೂ ಗರ್ಭದ ಶಿಶುವಿಗೂ ಹಾನಿ ಮಾಡುವಂಥವು. ನೆರವಾಗುವವರು ಕೈಗವಸು ತೊಟ್ಟು ಮಾತ್ರೆಯನ್ನು ಮುಟ್ಟಬೇಕು, ಗರ್ಭಿಣಿಯರು ಮುಟ್ಟಲೇಬಾರದು. ರೋಗಿ ತಾನೇ ತೆಗೆದುಕೊಂಡರೆ ಆಮೇಲೆ ಕೈ ತೊಳೆದರಾಯಿತು. ನುಂಗಲಾಗದೆಂದು ಮಾತ್ರೆಯನ್ನು ಜಜ್ಜುವುದು, ಟೆಮೊಜೊಲೊಮೈಡ್‌ನಂಥ ಕ್ಯಾಪ್ಸೂಲನ್ನು ಬಿಚ್ಚಿ ಪುಡಿಯನ್ನು ಬೆರೆಸುವುದು ಸಲ್ಲದು. ಇಮ್ಯಾಟಿನಿಬ್ ಮಾತ್ರೆಯನ್ನು ನೀರಿನಲ್ಲಿ ಕದಡಿ ಕುಡಿಯಲು ತಯಾರಕರೇ ಅವಕಾಶ ಕೊಟ್ಟಿದ್ದಾರೆ, ಹಾಗೆಂದು ಎಲ್ಲದಕ್ಕೂ ಅದನ್ನೇ ಅನ್ವಯಿಸಲಾಗದು. ನುಂಗುವ ತೊಂದರೆಯಿದ್ದರೆ ಮೊದಲೇ ಕೇಳಬೇಕು. ಲೆನಾಲಿಡೊಮೈಡ್, ಥಾಲಿಡೊಮೈಡ್‌ಗಳ ವಿಷಯದಲ್ಲಿ ಗರ್ಭಧಾರಣೆ ತಡೆಯುವ ನಿಯಮಗಳು ಗಂಡಸರಿಗೂ ಅನ್ವಯಿಸುತ್ತವೆ ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕಾಗುತ್ತದೆ. ಮಾತ್ರೆಗಳು ಮೂಲ ಪೊಟ್ಟಣದಲ್ಲೇ, ಮಕ್ಕಳ ಕೈಗೆಟುಕದಂತೆ, ಅಡುಗೆಮನೆ ಮತ್ತು ಬಚ್ಚಲಿನ ತೇವದಿಂದ ದೂರವಿರಲಿ. ಇತರ ಮಾತ್ರೆಗಳನ್ನು ತುಂಬುವ ವಾರದ ಡಬ್ಬಿಗೆ ಇವನ್ನು ಬೆರೆಸಬಾರದು. ಉಳಿದದ್ದನ್ನು ಕಸಕ್ಕೋ ಶೌಚಾಲಯಕ್ಕೋ ಎಸೆಯದೆ ಔಷಧ ಕೊಟ್ಟಲ್ಲಿಗೇ ಹಿಂದಿರುಗಿಸಬೇಕು.

ಪೊಟ್ಟಣದೊಳಗೆ ಕಂಪನಿಯವರು ಇಡುವ ಮಡಿಕೆ ಮಡಿಕೆಯ ಕಾಗದ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇರುವೆ ಸಾಲಿನಂಥ ಆ ಅಕ್ಷರಗಳನ್ನು ಓದಿ ಅರ್ಥಮಾಡಿಕೊಳ್ಳುವುದು ಆರೋಗ್ಯವಂತರಿಗೂ ಕಷ್ಟ, ಮೇಲಾಗಿ ಅದರಲ್ಲಿ ಈ ರೋಗಿಯ ಪ್ರಮಾಣವಾಗಲಿ ತಾರೀಖಾಗಲಿ ಇರುವುದಿಲ್ಲ. ನಾನು ಕೇಳುತ್ತಿರುವ ಹಾಳೆಗೆ ದೊಡ್ಡ ವೆಚ್ಚವೂ ಬೇಡ, ಹೊಸ ಯಂತ್ರವೂ ಬೇಡ. ಎಣಿಕೆ, ದಿನಗಳು, ಊಟದ ನಿಯಮ, ತಪ್ಪಿದರೆ ಮಾಡಬೇಕಾದದ್ದು, ಜೊತೆಗೆ ಸೇವಿಸಬಾರದ ಔಷಧಗಳು, ಕರೆ ಮಾಡಬೇಕಾದ ಲಕ್ಷಣಗಳು ಅದರಲ್ಲಿದ್ದರೆ ಸಾಕು. ಅದನ್ನು ಕೊಟ್ಟ ಮೇಲೆ, ಹೇಗೆ ತೆಗೆದುಕೊಳ್ಳುವಿರೆಂದು ರೋಗಿಯ ಬಾಯಿಂದಲೇ ಒಮ್ಮೆ ಹೇಳಿಸಬೇಕು. ತಪ್ಪು ತಿಳಿವಳಿಕೆ ಹೊರಬೀಳುವುದು ಆಗಲೇ. ಹಾಳೆ ಸಿಗದ ಕಡೆ ರೋಗಿಗಳು ಕೌಂಟರು ಬಿಡುವ ಮುನ್ನ ಈ ವಿವರಗಳನ್ನು ಕೇಳಿ ಬರೆಸಿಕೊಳ್ಳಲು ಹಿಂಜರಿಯಬಾರದು. ಹಾಳೆಯ ಕೊನೆಯಲ್ಲಿ ಬರೆಯುವ ದೂರವಾಣಿ ಸಂಖ್ಯೆಯನ್ನು, ರಾತ್ರಿಯ ಹೊತ್ತಿನಲ್ಲೂ, ಈ ಔಷಧಗಳನ್ನು ಬಲ್ಲ ನರ್ಸ್ ಅಥವಾ ವೈದ್ಯರೊಬ್ಬರು ಎತ್ತುವಂತೆ ಆಸ್ಪತ್ರೆಗಳು ವ್ಯವಸ್ಥೆ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ಓರ್ವ ನಿವೃತ್ತ ಫಾರ್ಮಸಿಸ್ಟ್