ರದ್ದಿ ಅಂಗಡಿಗೆ ಬಂದ ಸ್ನೇಹದ ಲೆಕ್ಕ

ಮಾನ್ಯ ಸಂಪಾದಕರೇ,

ಕಳೆದ ವಾರ ರಾಯಚೂರಿನ ರದ್ದಿ ಅಂಗಡಿಯೊಂದರಲ್ಲಿ, ಹಳೆಯ ಸೋವಿಯತ್ ಪತ್ರಿಕೆಗಳ ಕಟ್ಟಿನ ನಡುವೆ, ಭಾರತ–ಸೋವಿಯತ್ ಸಾಂಸ್ಕೃತಿಕ ಸಂಘದ ಮೊಹರಿದ್ದ ನೋಟುಬುಕ್ಕೊಂದು ನನಗೆ ಸಿಕ್ಕಿತು. ಯಾರು ಯಾವ ಪುಸ್ತಕ ಒಯ್ದರು, ಎಂದು ಮರಳಿಸಿದರು ಎಂಬ ಲೆಕ್ಕ ಅದರಲ್ಲಿದೆ. ಒಂದು ಸಾಲಿನ ಎದುರು ಕೆಂಪು ಶಾಯಿಯಲ್ಲಿ ‘ಎರಡು ಹಾಳೆ ಹರಿದಿವೆ’ ಎಂಬ ಷರಾ ಇದೆ. ಅಂಗಡಿಯವರು ಅದನ್ನೂ ಕಿಲೋ ಲೆಕ್ಕದಲ್ಲೇ ತೂಗಿ ಕೊಟ್ಟರು.

1941ರಲ್ಲಿ ಹಿಟ್ಲರನ ಸೇನೆ ಸೋವಿಯತ್ ನೆಲಕ್ಕೆ ನುಗ್ಗಿದಾಗ ನಮ್ಮ ದೇಶದಲ್ಲಿ ಸೋವಿಯತ್ ಮಿತ್ರರ ಸಂಘಟನೆ ಹುಟ್ಟಿಕೊಂಡಿತು. ಆ ಹಾದಿಯಲ್ಲೇ 1952ರಲ್ಲಿ ಈ ಸಾಂಸ್ಕೃತಿಕ ಸಂಘ ಸ್ಥಾಪನೆಯಾಯಿತು. ಮುಂಬೈಯ ಹೆಸರಾಂತ ಶಸ್ತ್ರವೈದ್ಯ ಡಾ. ಎ.ವಿ. ಬಾಳಿಗಾ ಅದರ ಅಧ್ಯಕ್ಷರಾಗಿದ್ದರು. ಕುಮಟಾದ ಕಾಲೇಜಿನಿಂದಾಗಿ ಅವರ ಹೆಸರು ಬಲ್ಲ ಕನ್ನಡಿಗರಲ್ಲಿ ಅನೇಕರಿಗೆ ಈ ಸಂಗತಿ ತಿಳಿದಿರಲಾರದು. ಮುಂದೆ, ಮಾಸ್ಕೋದಲ್ಲಿ ರಾಯಭಾರಿಯಾಗಿದ್ದ ಕೆ.ಪಿ.ಎಸ್. ಮೆನನ್ ಕೂಡ ಅದೇ ಸ್ಥಾನದಲ್ಲಿದ್ದರು. 1955ರ ಭಿಲಾಯಿ ಉಕ್ಕಿನ ಕಾರ್ಖಾನೆಯ ಒಪ್ಪಂದ, 1971ರ ಆಗಸ್ಟ್ 9ರ ಮೈತ್ರಿ ಒಪ್ಪಂದ ಸರ್ಕಾರಗಳ ಕೆಲಸವಾದರೆ, ಚಲನಚಿತ್ರ ಪ್ರದರ್ಶನ, ಪುಸ್ತಕ, ಭಾಷಣಗಳ ಮೂಲಕ ಆ ದೇಶವನ್ನು ಜನರಿಗೆ ಪರಿಚಯಿಸುವುದು ಸಂಘದ ಪಾಲಿನ ಕೆಲಸವಾಗಿತ್ತು. ಆ ನುಣುಪು ಕಾಗದದ ಪತ್ರಿಕೆಗಳಿಂದ ಪಠ್ಯಪುಸ್ತಕಗಳಿಗೆ ಬೈಂಡ್ ಹಾಕಿಕೊಂಡ ತಲೆಮಾರಿನವನು ನಾನು. ಒಳಗಿನ ಪಾಠಕ್ಕಿಂತ ಹೊರಗಿನ ಹಿಮದ ಚಿತ್ರವನ್ನೇ ಹೆಚ್ಚು ನೋಡುತ್ತಿದ್ದೆವು.

ಸಂಘದ ಸ್ನೇಹಕ್ಕೆ ಒಂದು ಕಣ್ಣು ಕುರುಡಾಗಿತ್ತು ಎಂಬುದನ್ನೂ ಹೇಳಲೇಬೇಕು. 1956ರಲ್ಲಿ ಹಂಗೆರಿಗೆ, 1968ರಲ್ಲಿ ಚೆಕೊಸ್ಲೊವಾಕಿಯಾಕ್ಕೆ ಸೋವಿಯತ್ ಟ್ಯಾಂಕುಗಳು ನುಗ್ಗಿದ ವಿಷಯವನ್ನು ನಾನು ಕೇಳಿದ ಯಾವ ಭಾಷಣದಲ್ಲೂ ಯಾರೂ ಎತ್ತಲಿಲ್ಲ. ಆದರೂ ಗ್ರಂಥಾಲಯದ ಮುಖ ಕಾಣದ ಓಣಿಗಳಿಗೆ ಅಗ್ಗದ ದರದಲ್ಲಿ ವಿಜ್ಞಾನ, ಗಣಿತದ ಪುಸ್ತಕಗಳು ಬಂದದ್ದು ಸುಳ್ಳಲ್ಲ.

ಯಾವ ಸಂಘವೂ ಇಲ್ಲದ 15ನೇ ಶತಮಾನದಲ್ಲೇ ರಷ್ಯದ ತ್ವೆರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಬೀದರಿಗೆ ಬಂದು ನೆಲೆಸಿ, ನಮ್ಮ ರಾಯಚೂರು ಸೀಮೆಯ ವಜ್ರಗಳ ಬಗ್ಗೆಯೂ ಬರೆದಿಟ್ಟು ಹೋದ. ಅಷ್ಟು ದೂರದವನ ಟಿಪ್ಪಣಿ ಉಳಿದುಕೊಂಡಿದೆ. 1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ ವಿಸರ್ಜನೆಯಾದ ಮೇಲೆ ನಮ್ಮವರೇ ಬರೆದ ಇಂಥ ಕಾಗದಗಳು ಮಾತ್ರ ಮನೆಮನೆಯ ಅಟ್ಟದಲ್ಲಿ ಗೆದ್ದಲು ಹಿಡಿಯುತ್ತಿವೆ. ರಾಯಚೂರು, ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಗ್ರಂಥಾಲಯಗಳು ಇವುಗಳಿಗಾಗಿ ಒಂದೊಂದು ಕಪಾಟನ್ನಾದರೂ ಮೀಸಲಿಡಬೇಕೆಂದು ವಿನಂತಿಸುತ್ತೇನೆ. ನನ್ನಲ್ಲಿರುವ ನೋಟುಬುಕ್ಕನ್ನು ಮೊದಲಿಗೆ ನಾನೇ ಒಪ್ಪಿಸುತ್ತೇನೆ.

– ನಿವೃತ್ತ ಶಿಕ್ಷಕ, ರಾಯಚೂರು