ಲಕ್ಕುಂಡಿಯ ಮನೆಗಳೂ ಪರಂಪರೆಯ ಭಾಗವೇ

ಮಾನ್ಯ ಸಂಪಾದಕರೇ,

ಗದಗ ಸಮೀಪದ ಲಕ್ಕುಂಡಿಯ ಅಭಿವೃದ್ಧಿಯ ಮಾತು ಬಂದಾಗಲೆಲ್ಲ ಗುಡಿ, ಬಾವಿ, ಶಾಸನಗಳ ಚರ್ಚೆ ನಡೆಯುತ್ತದೆ. ಅವುಗಳ ನಡುವೆ ತಲೆಮಾರುಗಳಿಂದ ಬಾಳುತ್ತ ಬಂದ ಕುಟುಂಬಗಳ ಮನೆಗಳ ಪ್ರಸ್ತಾಪ ಬಂದರೆ ಅದು ಹೆಚ್ಚಾಗಿ ತೆರವುಗೊಳಿಸುವ ಮಾತಿನಲ್ಲಿಯೇ. ಕಳೆದ ಬೇಸಿಗೆಯಲ್ಲಿ ಫ್ರಾನ್ಸಿನ ಪ್ರೊವಾಂ ಎಂಬ ಸಣ್ಣ ಪಟ್ಟಣದಲ್ಲಿ ಎರಡು ದಿನ ಕಳೆದು ಬಂದ ಮೇಲೆ ಈ ಬಗ್ಗೆ ಬರೆಯಲೇಬೇಕೆನಿಸಿತು.

ಪ್ಯಾರಿಸ್‌ನಿಂದ ರೈಲಿನಲ್ಲಿ ಒಂದೂವರೆ ತಾಸಿನ ದಾರಿಯಲ್ಲಿರುವ ಪ್ರೊವಾಂದ ಜನಸಂಖ್ಯೆ ಸುಮಾರು 12 ಸಾವಿರ. 12 ಮತ್ತು 13ನೆಯ ಶತಮಾನಗಳಲ್ಲಿ ಶಾಂಪೇನ್ ಪ್ರಾಂತ್ಯವನ್ನು ಆಳುತ್ತಿದ್ದ ‘ಕೌಂಟ್’ ಪದವಿಯ ಸಾಮಂತರು ವರ್ತಕರ ಪ್ರಯಾಣಕ್ಕೆ ರಕ್ಷಣೆಯ ಅಭಯ ಕೊಟ್ಟು ನಡೆಸುತ್ತಿದ್ದ ಆರು ದೊಡ್ಡ ಜಾತ್ರೆಗಳಲ್ಲಿ ಎರಡು ಈ ಊರಿನಲ್ಲಿಯೇ ನೆರೆಯುತ್ತಿದ್ದವು. ಫ್ಲಾಂಡರ್ಸ್‌ನಿಂದ ಬಟ್ಟೆ ಬರುತ್ತಿತ್ತು, ಇಟಲಿಯಿಂದ ಹಣ ವಿನಿಮಯದವರು ಬರುತ್ತಿದ್ದರು. ಊರಿನ ನೇಕಾರರು ನೇಯ್ದ ಉಣ್ಣೆಬಟ್ಟೆಗೂ ಹೆಸರಿತ್ತು. ಇಲ್ಲಿ ಟಂಕಿಸಿದ ಬೆಳ್ಳಿಯ ನಾಣ್ಯದ ಮೇಲೆ ಜನರಿಗಿದ್ದ ನಂಬಿಕೆ ಎಷ್ಟೆಂದರೆ, ರೋಮ್ ನಗರದ ಸೆನೆಟ್ ಕೂಡ ಅದೇ ಮಾದರಿಯಲ್ಲಿ ತನ್ನ ನಾಣ್ಯವನ್ನು ಅಚ್ಚು ಹಾಕಿಸಿತು. ಬೆಟಗೇರಿಯ ನೇಕಾರರ ಓಣಿಯಲ್ಲಿ ಬೆಳೆದ ನನಗೆ ಇದನ್ನು ಕೇಳುತ್ತಿದ್ದಂತೆ ಲಕ್ಕುಂಡಿಯ ಟಂಕಸಾಲೆಯೂ ಶಾಸನಗಳಲ್ಲಿ ಬರುವ ಲೊಕ್ಕಿಗದ್ಯಾಣವೆಂಬ ಚಿನ್ನದ ನಾಣ್ಯವೂ ನೆನಪಾದವು. ಮುಂದೆ ಇಟಲಿಯ ಹಡಗುಗಳು ಸಮುದ್ರದ ದಾರಿಯಿಂದಲೇ ಉತ್ತರಕ್ಕೆ ಸಾಗತೊಡಗಿದವು, ಶಾಂಪೇನ್ ಪ್ರಾಂತ್ಯ ಫ್ರೆಂಚ್ ದೊರೆಗಳ ಕೈಸೇರಿತು, ಜಾತ್ರೆಗಳು ಕಳೆಗುಂದಿದವು. ಕೆಡವಿ ಹೊಸದಾಗಿ ಕಟ್ಟುವಷ್ಟು ಸಿರಿ ಮತ್ತೆ ಬಾರದಿದ್ದುದರಿಂದಲೇ ಹಳೆಯ ಊರು ಬಹುಮಟ್ಟಿಗೆ ಉಳಿಯಿತೆಂದು ನನಗೆ ತೋರುತ್ತದೆ. 2001ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೋಟೆಗೋಡೆಯಾಗಲಿ, ಗುಡ್ಡದ ಮೇಲಿನ ಸೀಸರ್ ಗೋಪುರವಾಗಲಿ ಅಲ್ಲ. ವರ್ತಕರು ಸರಕು ತುಂಬಿಡುತ್ತಿದ್ದ ಕಮಾನಿನ ನೆಲಮಾಳಿಗೆಗಳ ಮೇಲೆಯೇ ಇಂದಿಗೂ ಸಂಸಾರಗಳು ನಡೆಯುತ್ತಿವೆ. ಕಿಟಕಿಗಳಲ್ಲಿ ಹೂಕುಂಡಗಳಿವೆ, ಬಾಗಿಲ ಮುಂದೆ ಮಕ್ಕಳು ಆಡುತ್ತಾರೆ. ಫ್ರಾನ್ಸಿನಲ್ಲಿ ನಿಯಮಗಳು ಸಡಿಲವಾಗಿವೆ ಎಂದಲ್ಲ. ಸಂರಕ್ಷಿತ ಸ್ಮಾರಕದ ಸುತ್ತ ಸಾಮಾನ್ಯವಾಗಿ 500 ಮೀಟರ್‌ವರೆಗೆ ಮನೆಯ ಹೊರರೂಪ ಬದಲಿಸಲು ಸರ್ಕಾರಿ ವಾಸ್ತುಶಿಲ್ಪಿಯ ಒಪ್ಪಿಗೆ ಬೇಕು. ಆದರೆ ಆ ವಾಸ್ತುಶಿಲ್ಪಿಯ ಕೆಲಸ ಬೇಡವೆನ್ನುವುದಷ್ಟೇ ಅಲ್ಲ, ಯಾವ ಸುಣ್ಣ, ಯಾವ ಹಂಚು, ಯಾವ ಕಟ್ಟಿಗೆ ಹೊಂದುತ್ತದೆ ಎಂದು ತಿಳಿಹೇಳುವುದೂ ಹೌದು. ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೊ ಅವರ ಹೆಸರಿನಿಂದ ಕರೆಯಲಾಗುವ 1962ರ ಕಾನೂನು ಬಿಡಿ ಕಟ್ಟಡಗಳ ಜೊತೆಗೆ ಇಡೀ ಹಳೆಯ ಕೇರಿಗಳಿಗೂ ರಕ್ಷಣೆ ಕೊಟ್ಟಿತು. ಅಂಥ ಕೇರಿಗಳಲ್ಲಿ ಮನೆಯನ್ನು ಕ್ರಮಬದ್ಧವಾಗಿ ಜೀರ್ಣೋದ್ಧಾರ ಮಾಡಿಸುವವರಿಗೆ ಇಂದಿಗೂ ಅದೇ ಹೆಸರಿನ ತೆರಿಗೆ ರಿಯಾಯಿತಿ ಇದೆ.

ನಮ್ಮಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಈ ನಿಷೇಧ ಬೇಕೇ ಬೇಕು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯಾದ ಬ್ರಹ್ಮಜಿನಾಲಯಕ್ಕೆ ತಾಗಿ ಸಿಮೆಂಟಿನ ಮಹಡಿ ಏಳುವುದನ್ನು ನಾನು ಎಂದಿಗೂ ಒಪ್ಪುವವನಲ್ಲ. ಆದರೆ ಇರುವ ಮನೆಯ ದುರಸ್ತಿಗೆ ಅನುಮತಿ ಪಡೆಯಲು ಇದೇ ಕಾನೂನಿನಲ್ಲಿ ಅವಕಾಶವಿದೆ ಎಂಬುದು ಲಕ್ಕುಂಡಿಯಲ್ಲಿ ಎಷ್ಟು ಮಂದಿಗೆ ಗೊತ್ತಿದೆ? ನನಗೆ ಪರಿಚಯವಿರುವ ಒಂದು ಮನೆಯವರು ಮಳೆಗಾಲಕ್ಕೆ ಮುನ್ನ ಸೋರುವ ಮೇಲ್ಮುದ್ದೆಯನ್ನು (ಮಣ್ಣಿನ ಚಾವಣಿಯನ್ನು) ಸರಿಪಡಿಸಲು ಯಾರನ್ನು ಕೇಳಬೇಕೆಂದು ತಿಳಿಯದೆ, ಕೊನೆಗೆ ಅದರ ಮೇಲೆ ತಗಡು ಹೊದಿಸಿಬಿಟ್ಟರು. ಹೀಗೆ ಒಂದೊಂದೇ ಮಣ್ಣಿನ ಮನೆ ತಗಡಿನ ಕೆಳಗೆ ಮರೆಯಾಗುತ್ತಿದೆ. ಮಣ್ಣಿನ ಗೋಡೆ ಕಟ್ಟಬಲ್ಲ, ಮೇಲ್ಮುದ್ದೆ ಹಾಕಬಲ್ಲ ಹಿರಿಯರು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಕೆಲವರು ಇದ್ದಾರೆ, ಅವರಿಗೆ ಕೆಲಸವಿಲ್ಲ.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ವಿನಂತಿ ಇಷ್ಟು: ಯಾವುದೇ ಸ್ಥಳಾಂತರದ ಯೋಜನೆಗೆ ಮೊದಲು ದುರಸ್ತಿಯ ನಿಯಮಗಳನ್ನು ಸರಳ ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಲಿ. ವಾರಕ್ಕೆ ಒಂದು ದಿನವಾದರೂ ಸಂರಕ್ಷಣೆ ಬಲ್ಲ ಎಂಜಿನಿಯರರೊಬ್ಬರು ಊರಿನಲ್ಲಿ ಕುಳಿತು ಅರ್ಜಿ ಬರೆಸಿಕೊಳ್ಳಲಿ. ಹಳೆಯ ಪದ್ಧತಿಯಲ್ಲಿ ಮನೆ ಸರಿಪಡಿಸಿಕೊಳ್ಳುವವರಿಗೆ ಖರ್ಚಿನ ಒಂದು ಪಾಲನ್ನು ಸರ್ಕಾರ ಕೊಡಲಿ. ಮುಂದಿನ ಮುಂಗಾರಿಗೆ ಮುನ್ನ ಹತ್ತು ಮನೆಗಳಿಂದ ಆರಂಭಿಸಿದರೂ ಸಾಕು.

— ನಿವೃತ್ತ ಇತಿಹಾಸ ಶಿಕ್ಷಕ, ಬೆಟಗೇರಿ, ಗದಗ